ಮನೆ ಕಟ್ಟಿಸಿದ್ದು ಮಾಸ್ತರ, ಓಟು ಬಿದ್ದದ್ದು ಬೇರೆಯವರಿಗೆ

ಸೋಲಾಪುರ: ಚುನಾವಣೆ ಬಂತೆಂದರೆ ಶಹರದ ಚಹಾ ಅಂಗಡಿಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಮನುಷ್ಯಾ ಖರೇ ಅದಾನ, ಆದರ ಅವನ ಕೈಯಿಂದ ಕೆಲಸ ಆಗೂದಿಲ್ಲ’ ಎನ್ನುವುದು ಒಂದು. ‘ಹೆಂಗರೆ ಇರಲಿ, ಕೆಲಸ ಮಾಡಸ್ತಾನ’ ಎನ್ನುವುದು ಇನ್ನೊಂದು. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ಕಡೆಯೂ ಇದೇ ಮಾತು. ಮರಾಠಿಯಲ್ಲಿ ಆಡಿದರೂ ಅಷ್ಟೇ, ಕನ್ನಡದಲ್ಲಿ ಆಡಿದರೂ ಅಷ್ಟೇ. ತತ್ವದವನು ಒಂದು ಕಡೆ, ಕೆಲಸದವನು ಇನ್ನೊಂದು ಕಡೆ. ಮತದಾರ ಇಬ್ಬರಲ್ಲಿ ಒಬ್ಬನನ್ನು ಆರಿಸಬೇಕು, ಇನ್ನೊಂದನ್ನು ಬಿಡಬೇಕು ಎಂಬ ಲೆಕ್ಕ.

ಈ ಲೆಕ್ಕ ಎಷ್ಟರ ಮಟ್ಟಿಗೆ ಖರೇ ಎಂದು ನೋಡಲು ದೂರ ಹೋಗಬೇಕಾಗಿಲ್ಲ. ಸೋಲಾಪುರ ಶಹರ ಮಧ್ಯ ವಿಧಾನಸಭಾ ಕ್ಷೇತ್ರದಲ್ಲಿ 2009ರಿಂದ 2024ರ ವರೆಗೆ ನಡೆದ ನಾಲ್ಕು ಚುನಾವಣೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಸಾಕು. ನಾಲ್ಕರಲ್ಲೂ ಕಣದಲ್ಲಿದ್ದವರು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ನರಸಯ್ಯ ಆಡಂ, ಜನರ ಬಾಯಲ್ಲಿ ಆಡಂ ಮಾಸ್ತರ. ನಾಲ್ಕರಲ್ಲೂ ಸೋತರು. ಕೆಂಪು ಬಾವುಟದವರು, ತತ್ವ ಹಿಡಿದು ಕೂತವರು, ಅದಕ್ಕೇ ಸೋತರು ಎಂದು ಹೊರಗಿನವರು ತಿಳಿಯಬಹುದು. ಆದರೆ ಇದೇ ಸೋಲಾಪುರದಲ್ಲಿ ಬಡವರಿಗೆ ಅತಿ ಹೆಚ್ಚು ಮನೆ ಕಟ್ಟಿಸಿದ ರಾಜಕಾರಣಿ ಯಾರು ಎಂದು ಕೇಳಿದರೆ ವಿರೋಧಿಗಳೂ ಅದೇ ಹೆಸರು ಹೇಳುತ್ತಾರೆ.

ಕುಂಭಾರಿಯ ಮನೆಗಳು

ಆಡಂ ಸೋಲಾಪುರ ಶಹರದಿಂದ 1978, 1995 ಮತ್ತು 2004ರಲ್ಲಿ, ಒಟ್ಟು ಮೂರು ಸಲ ಆಮದಾರರಾಗಿದ್ದರು. ಬೀಡಿ ಕಾರ್ಮಿಕರು, ಕೈಮಗ್ಗ ಮತ್ತು ಪಾವರಲೂಮ್ ಕಾರ್ಮಿಕರು ಅವರ ಬೆನ್ನೆಲುಬು. ಹಳೆಯ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಶಹರದ ಎಷ್ಟೋ ಮನೆಗಳು ನಡೆದದ್ದು ಹೆಣ್ಣುಮಕ್ಕಳು ಕಟ್ಟಿದ ಬೀಡಿಯ ಮೇಲೆ. ದಿನಕ್ಕೆ ಸಾವಿರ ಬೀಡಿ ಕಟ್ಟುವ ಹೆಂಗಸು ಇರುತ್ತಿದ್ದದ್ದು ಝೋಪಡಪಟ್ಟಿಯ ಒಂದೇ ಖೋಲಿಯಲ್ಲಿ. ಅಲ್ಲೇ ಒಲೆ, ಅಲ್ಲೇ ತಂಬಾಕಿನ ಮೊರ, ಅಲ್ಲೇ ಕೂಸು. ಇವರಲ್ಲಿ ತೆಲುಗಿನವರೇ ಹೆಚ್ಚು, ಆದರೆ ಕನ್ನಡ, ಮರಾಠಿ, ಉರ್ದು ಮಾತಾಡುವವರೂ ಕಡಿಮೆ ಇಲ್ಲ.

ಈ ಹೆಣ್ಣುಮಕ್ಕಳಿಗಾಗಿ ಸಹಕಾರಿ ಸಂಘ ಮಾಡಿ, ಕೇಂದ್ರದ್ದೊಂದು ಪಾಲು, ರಾಜ್ಯದ್ದೊಂದು ಪಾಲು, ಕಾರ್ಮಿಕಳದ್ದೇ ಒಂದು ಪಾಲು ಕೂಡಿಸಿ, ಅಕ್ಕಲಕೋಟ ರಸ್ತೆಯ ಕುಂಭಾರಿಯಲ್ಲಿ 10,000 ಮನೆ ಎದ್ದವು. ವಾರ್ಲಿ ಆದಿವಾಸಿಗಳ ಹೋರಾಟ ಕಟ್ಟಿದ ಗೋದೂತಾಯಿ ಪರುಳೇಕರ ಅವರ ಹೆಸರು ಆ ವಸಾಹತಿಗೆ. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಸ್ವತಃ ಬಂದು ಲೋಕಾರ್ಪಣೆ ಮಾಡಿದರು. ಒಬ್ಬ ವಿರೋಧ ಪಕ್ಷದ ಆಮದಾರ, ಅದೂ ಸದನದಲ್ಲಿ ಬೆರಳೆಣಿಕೆಯ ಸದಸ್ಯರಿರುವ ಪಕ್ಷದವನು, ಇಷ್ಟು ದೊಡ್ಡ ಕೆಲಸ ಎಳೆದು ತಂದದ್ದು ಸಣ್ಣ ಮಾತಲ್ಲ. ಮೋರ್ಚಾ ಎಷ್ಟಾದವು, ಮುಂಬಯಿ-ದಿಲ್ಲಿಗೆ ಎಷ್ಟು ಫೇರಿಯಾದವು ಎಂಬುದನ್ನು ಹಳೆಯ ಕಾರ್ಯಕರ್ತರು ಇನ್ನೂ ಬೆರಳು ಮಡಚಿ ಎಣಿಸುತ್ತಾರೆ.

ಮೂರೇ ವರ್ಷಕ್ಕೆ, 2009ರಲ್ಲಿ, ಅವರು ಸೋತರು.

ಕಾರಣ ಹುಡುಕುವವರು ಹಲವು ಹೇಳುತ್ತಾರೆ. ಆದರೆ ಒಂದು ಕಾರಣ ಬರೀ ನಕಾಶೆ ತೆರೆದು ನೋಡಿದರೆ ತಿಳಿಯುತ್ತದೆ. ಕ್ಷೇತ್ರ ಪುನರ್ವಿಂಗಡಣೆಯ ನಂತರ ಬಂದ ಶಹರ ಮಧ್ಯ ಎಂಬುದು ಶಹರದ ನಡುವಿನ ವಾರ್ಡುಗಳ ಕ್ಷೇತ್ರ. ಕುಂಭಾರಿ ದಕ್ಷಿಣ ಸೋಲಾಪುರ ತಾಲೂಕಿನ ಹಳ್ಳಿ. ಕಾಯದೆ ಪ್ರಕಾರ ವಾಸ ಇದ್ದಲ್ಲಿಯೇ ಮತದಾರರ ಪಟ್ಟಿಯಲ್ಲಿ ಹೆಸರು. ಅಂದರೆ ಮಾಸ್ತರು ಮನೆ ಕೊಡಿಸಿ ಕಳಿಸಿದ ಪ್ರತಿಯೊಂದು ಕುಟುಂಬ ಅವರ ಕ್ಷೇತ್ರದ ಗಡಿ ದಾಟಿ ಹೋಯಿತು. ಓಟಿನ ವ್ಯಾಪಾರ ಮಾಡುವ ಯಾವ ಶಾಣ್ಯಾ ರಾಜಕಾರಣಿಯೂ ಈ ಕೆಲಸ ಮಾಡುತ್ತಿರಲಿಲ್ಲ. ಝೋಪಡಪಟ್ಟಿ ಇದ್ದಲ್ಲೇ ಇರಲಿ, ಚುನಾವಣೆಗೊಮ್ಮೆ ನಳ, ಗಟಾರ, ಒಂದು ಸಮಾಜ ಮಂದಿರ ಕೊಟ್ಟರಾಯಿತು ಎಂದು ಸುಮ್ಮನಿರುತ್ತಿದ್ದ. ಕೆಲಸವನ್ನು ಓಟಿನಿಂದ ಬೇರೆ ಮಾಡಿ ನೋಡಿದ್ದೇ ಆಡಂ ಅವರ ತತ್ವ ಎನ್ನಬಹುದು. ರಾಜಕೀಯ ಲೆಕ್ಕದಲ್ಲಿ ಅದು ಶುದ್ಧ ನುಕ್ಸಾನು.

ಕುರ್ಚಿಯ ಬಲ, ಮನುಷ್ಯನ ಬಲ

2009ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಪ್ರಣಿತಿ ಶಿಂದೆ. ಆಗ ಇನ್ನೂ ಮೂವತ್ತು ತುಂಬದ ಕಾಯದೆ ಪದವೀಧರೆ. ತಂದೆ ಸುಶೀಲಕುಮಾರ ಶಿಂದೆ 2006ರಿಂದ ಕೇಂದ್ರ ಇಂಧನ ಮಂತ್ರಿ, ಮುಂದೆ 2012ರಿಂದ 2014ರ ವರೆಗೆ ಗೃಹಮಂತ್ರಿ. ಮುಂಬಯಿಯಲ್ಲೂ ಅದೇ ಪಕ್ಷದ ಸರಕಾರ. ಹೊಟಗಿ ಹತ್ತಿರದ ಫತಾಟೇವಾಡಿಯ 1,320 ಮೆಗಾವ್ಯಾಟ್ ಎನ್‌ಟಿಪಿಸಿ ವಿದ್ಯುತ್ ಸ್ಥಾವರ ಆ ಕಾಲದ ಕೊಡುಗೆ. ಫೋನು ಮಾಡಿದರೆ ಕೆಲಸ ಆಗುವ ಮನೆ ಎಂಬ ಹೆಸರು ಆ ಮನೆಗಿತ್ತು. ಮತದಾರರು ಅದನ್ನು ನೋಡಿ ಓಟು ಹಾಕಿದ್ದರೆ ತಪ್ಪು ಎನ್ನುವಂತಿಲ್ಲ. ಬಡವನಿಗೆ ಕೆಲಸ ಆಗುವ ಬಾಗಿಲು ಯಾವುದು ಎಂದು ಗೊತ್ತಿರುತ್ತದೆ.

ಆದರೆ ಕೆಲಸಗಾರ ಎಂದು ಅಳೆಯುವಾಗ ಒಂದು ಭಾಗಾಕಾರ ಮಾಡಬೇಕಾಗುತ್ತದೆ. ಆದ ಕೆಲಸದಲ್ಲಿ ಕುರ್ಚಿಯದ್ದೆಷ್ಟು, ಮನುಷ್ಯನದ್ದೆಷ್ಟು? ಆಡಳಿತ ಪಕ್ಷದ ಆಮದಾರನ ಕ್ಷೇತ್ರಕ್ಕೆ ನಿಧಿ ಬರುವುದು ಮಳೆಗಾಲದಲ್ಲಿ ಬಾವಿ ತುಂಬಿದ ಹಾಗೆ. ಬಾವಿ ತೋಡಿದವನು ಯಾರು ಎಂದು ಬೇಸಿಗೆಯಲ್ಲಿ ನೋಡಬೇಕು. ಪ್ರಣಿತಿ ಶಿಂದೆ ಅವರಿಗೆ 2014ರ ನಂತರ ಆ ಬೇಸಿಗೆ ಬಂತು. ಕೇಂದ್ರ, ರಾಜ್ಯ ಎರಡೂ ಕಡೆ ಎದುರು ಪಕ್ಷದ ಸರಕಾರ, ತಂದೆಯೇ ಲೋಕಸಭೆಗೆ ಸೋತಿದ್ದರು. ಆದರೂ 2014 ಮತ್ತು 2019ರಲ್ಲಿ ಅವರು ಗೆದ್ದರು, ಸದನದಲ್ಲಿ ಬೀದಿಯಲ್ಲಿ ದನಿ ಎತ್ತಿದರು ಎಂಬುದನ್ನು ಒಪ್ಪಬೇಕು. ಬರೀ ಅಪ್ಪನ ಹೆಸರಿನ ಮೇಲೆ ನಿಂತವರಾಗಿದ್ದರೆ 2014ರ ಗಾಳಿಯಲ್ಲೇ ಹಾರಿ ಹೋಗುತ್ತಿದ್ದರು.

ಹಾಗಿದ್ದರೂ ಅದೇ ಬೇಸಿಗೆಯಲ್ಲಿ, ಕುರ್ಚಿಯೇ ಇಲ್ಲದ ಆಡಂ ಇನ್ನೊಂದು ಬಾವಿ ತೋಡುತ್ತಿದ್ದರು. ಪ್ರಧಾನಮಂತ್ರಿ ಆವಾಸ ಯೋಜನೆಯಡಿ ಅದೇ ಕುಂಭಾರಿಯಲ್ಲಿ ರೇ ನಗರ, 30,000 ಮನೆ. ಬೀಡಿಯವರಷ್ಟೇ ಅಲ್ಲ, ಮಗ್ಗದವರು, ಚಿಂದಿ ಆಯುವವರು, ಗಾಡಿ ಹೊಡೆಯುವವರು, ಹೊಲಿಗೆಯವರು, ಅಸಂಘಟಿತರೆಲ್ಲ ಸೇರಿದ ಸಂಘ. ಆಮದಾರಕಿ ಇಲ್ಲದ ಮಾಜಿ ಒಬ್ಬರು ಇದನ್ನು ಮಂಜೂರು ಮಾಡಿಸಿದರು ಎಂಬುದೇ, ಕೆಲಸಕ್ಕೆ ಕುರ್ಚಿ ಬೇಕೇ ಬೇಕು ಎನ್ನುವವರಿಗೆ ಉತ್ತರ.

ಮತಪೆಟ್ಟಿಗೆಯಲ್ಲಿ ಮಾತ್ರ ಇದು ಲೆಕ್ಕಕ್ಕೆ ಬರಲಿಲ್ಲ. 2014ರಲ್ಲೂ 2019ರಲ್ಲೂ ಎರಡನೇ ಸ್ಥಾನಕ್ಕೆ ಬಂದದ್ದು ಎಂಐಎಂ. ಶಿವಸೇನೆ, ಬಂಡಾಯಗಾರರು, ಭಾಜಪ ಎಂದು ನಾಲ್ಕೈದು ಪಾಲಾದ ಕಣದಲ್ಲಿ ಆಡಂ ಬಹಳ ಹಿಂದೆ ಉಳಿದರು. 2019ರಲ್ಲಿ ಅವರಿಗೆ ಬಿದ್ದದ್ದು ಹತ್ತು ಸಾವಿರದ ಆಸುಪಾಸಿನ ಓಟು. ಅಲ್ಲಿ ತತ್ವವೂ ನಡೆಯಲಿಲ್ಲ, ಕೆಲಸವೂ ನಡೆಯಲಿಲ್ಲ. ನಡೆದದ್ದು ಮೂರನೇ ಮಾತು: ‘ಯಾರು ಯಾರನ್ನ ಸೋಲಸ್ತಾರ?’ ಅವರ ಮೇಲೆ ಪ್ರೀತಿ ಅದ, ಆದರ ಓಟು ಹಾಳಾಗ್ತದ ಎಂದು ಅವರ ಮನೆಯಲ್ಲೇ ವಾಸ ಇದ್ದವರ ಬೀಗರೂ ಬೇರೆ ಗುಂಡಿ ಒತ್ತಿದರು. ಗೆಲ್ಲುವ ಕುದುರೆ ಎಂಬ ಈ ಹುಚ್ಚು ಮತದಾರನಿಗಷ್ಟೇ ಅಲ್ಲ, ಪಕ್ಷಗಳಿಗೂ ಇದೆ. ಕ್ರಿಮಿನಲ್ ಕೇಸು ಇರುವವರಿಗೆ ಟಿಕೆಟ್ ಕೊಡುವಾಗ ‘ಗೆಲ್ಲುತ್ತಾನೆ’ ಎಂಬುದೊಂದನ್ನೇ ಕಾರಣ ಎಂದು ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಫೆಬ್ರುವರಿಯಲ್ಲಿ ಆದೇಶ ಮಾಡಬೇಕಾಯಿತು.

ಹೊಗಳಿದ್ದಕ್ಕೆ ಶಿಕ್ಷೆ

ತತ್ವದ ಪರೀಕ್ಷೆ ಆದದ್ದು 2019ರ ಜನವರಿ 9ರಂದು. ರೇ ನಗರದ ಅಡಿಗಲ್ಲು ಹಾಕಲು ಪ್ರಧಾನಿ ನರೇಂದ್ರ ಮೋದಿ ಸೋಲಾಪುರಕ್ಕೆ ಬಂದರು. ವೇದಿಕೆಯ ಮೇಲೆ ಆಡಂ. ಅವರು ಮೋದಿ ಹಾಗೂ ಆಗಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ ಅವರನ್ನು ತುಂಬಿದ ಸಭೆಯಲ್ಲಿ ಹೊಗಳಿದರು. ಲೋಕಸಭಾ ಚುನಾವಣೆ ಬಾಗಿಲಲ್ಲಿತ್ತು. ಅವರ ಪಕ್ಷ ಸುಮ್ಮನಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತು ಮಾಡಿತು.

ಶಹರದಲ್ಲಿ ಅಂದು ಎರಡು ಪಕ್ಷವಾಯಿತು. ಮೂವತ್ತು ಸಾವಿರ ಮನೆ ಕೊಟ್ಟವನಿಗೆ ಎರಡು ಒಳ್ಳೆ ಮಾತು ಆಡಿದರೆ ಏನಾಯಿತು ಎಂದವರು ಕೆಲವರು. ಜೀವನ ಪೂರ್ತಿ ಯಾರ ವಿರುದ್ಧ ಬಾವುಟ ಹಿಡಿದರೋ ಅವರನ್ನೇ ಹೊಗಳಿದ ಮೇಲೆ ಉಳಿದದ್ದೇನು ಎಂದವರು ಕೆಲವರು. ಎರಡಕ್ಕೂ ಅರ್ಥವಿದೆ. ಮನೆ ಕೊಡುವುದು ಸರಕಾರ, ಅದು ಜನರ ತೆರಿಗೆಯ ದುಡ್ಡು, ಅದಕ್ಕೆ ಯಾವ ಪಕ್ಷಕ್ಕೂ ಋಣಿಯಾಗಬೇಕಾಗಿಲ್ಲ ಎಂದು ಕಾರ್ಮಿಕರಿಗೆ ಕಲಿಸಿದವರೇ ಆಡಂ. ಆ ಪಾಠವನ್ನು ಅವರೇ ಒಂದು ದಿನ ಮರೆತರು ಎಂಬುದು ಪಕ್ಷದ ತಕರಾರು. ಆದರೆ ಅವರು ಪಕ್ಷ ಬಿಡಲಿಲ್ಲ. ಭಾಜಪಕ್ಕೆ ಹೋಗಿದ್ದರೆ ಅವರಿಗೆ ಕೆಂಪು ಜಮಖಾನೆ ಹಾಸುತ್ತಿದ್ದರು, ಅದರಲ್ಲಿ ಅನುಮಾನ ಬೇಡ. ಮೂರು ತಿಂಗಳ ಶಿಕ್ಷೆ ಉಂಡು ಅಲ್ಲೇ ಉಳಿದರು.

ಇನ್ನೂ ಸೋಜಿಗದ್ದು 2024. ಜನವರಿ 19ರಂದು ಮೋದಿ ಮತ್ತೆ ಬಂದು ರೇ ನಗರದ ಮೊದಲ 15,000 ಮನೆಗಳನ್ನು ಲೋಕಾರ್ಪಣೆ ಮಾಡಿದರು; ಚಿಕ್ಕಂದಿನಲ್ಲಿ ತನಗೂ ಇಂಥ ಮನೆಯಲ್ಲಿರುವ ಭಾಗ್ಯ ಸಿಕ್ಕಿದ್ದರೆ ಎಂದು ಹೇಳಿ ಗದ್ಗದಿತರಾದರು. ಆಡಂ ಆ ಕಾರ್ಯಕ್ರಮದಲ್ಲೂ ಇದ್ದರು. ಕೆಲವೇ ತಿಂಗಳಿಗೆ ಲೋಕಸಭಾ ಚುನಾವಣೆ ಬಂತು. ಅವರ ಪಕ್ಷ ನಿಂತದ್ದು ಭಾಜಪದ ರಾಮ ಸಾತಪುತೆ ವಿರುದ್ಧ, ಕಾಂಗ್ರೆಸ್ಸಿನ ಪ್ರಣಿತಿ ಶಿಂದೆ ಪರವಾಗಿ. ಮೂರು ಸಲ ತಮ್ಮನ್ನು ಸೋಲಿಸಿದ ಎದುರಾಳಿಗೆ ಆಡಂ ಓಟು ಕೇಳಿದರು. ಪ್ರಣಿತಿ ಗೆದ್ದು ಖಾಸದಾರರಾದರು.

ಖಾಲಿಯಾದ ಶಹರ ಮಧ್ಯ ಸೀಟು ಮೈತ್ರಿ ಧರ್ಮದಂತೆ ತಮಗೆ ಬರಬೇಕು ಎಂಬುದು ಮಾಸ್ತರ ಅಪೇಕ್ಷೆ. ಕಾಂಗ್ರೆಸ್ ಚೇತನ ನರೋಟೆ ಅವರಿಗೆ ಟಿಕೆಟ್ ಕೊಟ್ಟಿತು. ಎಂಬತ್ತರ ಅಂಚಿನಲ್ಲಿದ್ದ ಆಡಂ ಮತ್ತೆ ತಾವೇ ಕಣಕ್ಕಿಳಿದರು. ನವೆಂಬರಿನಲ್ಲಿ ಗೆದ್ದವರು ಭಾಜಪದ ದೇವೇಂದ್ರ ಕೋಠೆ, ಎರಡನೆಯವರು ಎಂಐಎಂನ ಫಾರೂಕ ಶಾಬ್ದಿ. ನರೋಟೆ ಮತ್ತು ಆಡಂ ಇಬ್ಬರ ಓಟು ಕೂಡಿಸಿದರೂ ಕೋಠೆಯವರ ಹತ್ತಿರಕ್ಕೂ ಬರುತ್ತಿರಲಿಲ್ಲ. ಇಲ್ಲಿ ಆಡಂ ಪಕ್ಷದ ಮೇಲೂ ಒಂದು ಮಾತು ಹೇಳಬೇಕು. ನಾಲ್ಕು ಚುನಾವಣೆಗೆ ಒಬ್ಬನೇ ಉಮೇದವಾರ ಎಂದರೆ ಹದಿನೈದು ವರ್ಷದಲ್ಲಿ ಇನ್ನೊಬ್ಬನನ್ನು ತಯಾರು ಮಾಡಲಿಲ್ಲ ಎಂದರ್ಥ. ತತ್ವ ಎಷ್ಟೇ ಗಟ್ಟಿ ಇದ್ದರೂ ಒಬ್ಬ ಮನುಷ್ಯನ ಮೇಲೆ ನಿಂತರೆ ಅದು ಅವನ ಜೊತೆಗೇ ಮುದಿಯಾಗುತ್ತದೆ.

ಅಕ್ಕಲಕೋಟ, ಜತ್ತದಲ್ಲಿ

ಇದು ಶಹರದ ಕಥೆ, ನಮ್ಮ ಕನ್ನಡ ಹಳ್ಳಿಗಳಿಗೆ ಇದರದೇನು ಎಂದು ಕೇಳುವವರು ಪಕ್ಕದ ಅಕ್ಕಲಕೋಟ ನೋಡಬಹುದು. ದುಧನಿಯ ಸಿದ್ಧಾರಾಮ ಮ್ಹೇತ್ರೆ ಎಂದರೆ ಕಾಂಗ್ರೆಸ್, ಕಾಂಗ್ರೆಸ್ ಎಂದರೆ ಮ್ಹೇತ್ರೆ ಎಂಬಂತಿದ್ದ ಕಾಲವಿತ್ತು. ರಾಜ್ಯಮಂತ್ರಿಯೂ ಆಗಿದ್ದರು, ಮೋದಿ ಗಾಳಿಯ 2014ರಲ್ಲೂ ಗೆದ್ದಿದ್ದರು. ಭಾಜಪದ ಸಚಿನ ಕಲ್ಯಾಣಶೆಟ್ಟಿ ಎದುರು 2019, 2024 ಎರಡೂ ಸಲ ಸೋತ ನಂತರ, 2025ರಲ್ಲಿ ಏಕನಾಥ ಶಿಂದೆ ಅವರ ಶಿವಸೇನೆ ಸೇರಿದರು. ಇದನ್ನು ತತ್ವಭ್ರಷ್ಟ ಎಂದು ಒಂದೇ ಮಾತಿನಲ್ಲಿ ಬೈದು ಮುಗಿಸುವುದು ಸುಲಭ. ತಾಲೂಕಿನ ಕೆಲಸಕ್ಕೆ ಸರಕಾರದ ಕಡೆ ಇರಬೇಕು ಎಂಬ ವಾದವೂ ಇದೆ. ಆದರೆ ಆ ವಾದ ಒಪ್ಪಿದರೆ ವಿರೋಧ ಪಕ್ಷದವನಿಗೆ ಓಟು ಹಾಕಿದ ಪ್ರತಿ ತಾಲೂಕೂ ಉಪವಾಸ ಬೀಳಬೇಕು ಎಂದಾಗುತ್ತದೆ. ಕುಂಭಾರಿಯ ಉದಾಹರಣೆ ಹಾಗೆ ಹೇಳುವುದಿಲ್ಲ.

ಜತ್ತದ ಕಥೆ ಬೇರೆ. ಅಲ್ಲಿಯ ಪೂರ್ವ ಭಾಗದ ಕನ್ನಡ ಹಳ್ಳಿಗಳಿಗೆ ಬೇಕಾದದ್ದು ಒಂದೇ, ನೀರು. ಮ್ಹೈಸಾಳ ಯೋಜನೆಯ ನೀರು ಬರುತ್ತದೆ ಎಂದು ಕೇಳುತ್ತ ಒಂದು ಪೀಳಿಗೆ ಮುದುಕರಾದರು. 2012ರಲ್ಲಿ ಕೆಲ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದ್ದು ಭಾಷೆಯ ಅಭಿಮಾನಕ್ಕಿಂತ ಗಂಟಲು ಒಣಗಿ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಆ ಠರಾವಿನ ಮಾತೆತ್ತಿದರು. ಅದು ಹತ್ತು ವರ್ಷದ ಹಳೆಯದು ಎಂದು ಫಡಣವೀಸ ಉತ್ತರ ಕೊಟ್ಟರು. ಆ ಗದ್ದಲದಲ್ಲಿ ಸುಮಾರು 2,000 ಕೋಟಿ ರೂಪಾಯಿಯ ವಿಸ್ತಾರಿತ ಮ್ಹೈಸಾಳ ಯೋಜನೆ ಕಪಾಟಿನಿಂದ ಹೊರಗೆ ಬಂತು. ಆಗಿನ ಆಮದಾರ ಕಾಂಗ್ರೆಸ್ಸಿನ ವಿಕ್ರಮಸಿಂಹ ಸಾವಂತ. 2024ರಲ್ಲಿ ಅವರು ಆಟಪಾಡಿ ಕಡೆಯಿಂದ ಬಂದ ಭಾಜಪದ ಗೋಪೀಚಂದ ಪಡಳಕರ ಎದುರು ಸೋತರು. ಊರಿನವ, ಹೊರಗಿನವ ಎಂಬ ಪ್ರಚಾರ ಜೋರಾಗಿಯೇ ಆಯಿತು, ಉಪಯೋಗವಾಗಲಿಲ್ಲ. ನೀರಿನ ಶ್ರೇಯ ಯಾರದ್ದು? ಇಬ್ಬರದೂ ಅಲ್ಲ, ಠರಾವು ಮಾಡಿದ ಹಳ್ಳಿಗಳದ್ದು ಎನ್ನಬೇಕಾಗುತ್ತದೆ.

ಅಫಿಡವಿಟ್ ಓದುವ ರೀತಿ

ಉಮೇದವಾರರು ಆಸ್ತಿ, ಸಾಲ, ಶಿಕ್ಷಣ, ಕೇಸುಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಎಂಬುದು 2002-03ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ ಬಂದದ್ದು. ಕ್ರಿಮಿನಲ್ ಕೇಸಿನ ಜಾಹೀರಾತನ್ನು ಪೇಪರಿನಲ್ಲಿ ಮೂರು ಸಲ ಕೊಡುವ ನಿಯಮ 2018ರ ತೀರ್ಪಿನ ನಂತರದ್ದು. ಓದುವವರು ಕಮ್ಮಿ, ಓದಿದವರೂ ಬರೀ ಸಂಖ್ಯೆ ನೋಡುತ್ತಾರೆ: ಇವನ ಮೇಲೆ ಎಂಟು ಕೇಸು, ಅವನ ಮೇಲೆ ಒಂದು. ಕಲಮು ನೋಡಬೇಕು. ಹಳೆಯ ದಂಡಸಂಹಿತೆಯ 143, 341 ಎಂದರೆ ಬಹುತೇಕ ಮೋರ್ಚಾ, ರಸ್ತಾ ರೋಕೊ. 420 ಎಂದರೆ ವಂಚನೆ. ಚಳವಳಿ ಮಾಡಿದವನ ಎಂಟು ಕೇಸು ಒಂದು ತೂಕ, ಠೇವಣಿದಾರರ ದುಡ್ಡು ನುಂಗಿದವನ ಒಂದು ಕೇಸು ಇನ್ನೊಂದು ತೂಕ. (2024ರ ಜುಲೈಯಿಂದ ಹೊಸ ನ್ಯಾಯ ಸಂಹಿತೆ ಬಂದು ಕಲಮುಗಳ ನಂಬರು ಬದಲಾಗಿವೆ, ಅದೊಂದು ಹೊಸ ತಲೆಬೇನೆ.) ಹಾಗೆಯೇ ಐದು ವರ್ಷದ ಹಿಂದಿನ ಪ್ರಮಾಣಪತ್ರದ ಆಸ್ತಿ, ಈ ಸಲದ ಆಸ್ತಿ, ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಿರಾಣಿ ಅಂಗಡಿಯವನಿಗೂ ತಿಳಿಯುವ ಲೆಕ್ಕ ಅದು.

ಸದನದ ಕೆಲಸ ನೋಡುವವರಂತೂ ಇಲ್ಲವೇ ಇಲ್ಲ. ತಾರಾಂಕಿತ ಪ್ರಶ್ನೆ ಎಷ್ಟು ಕೇಳಿದರು, ಲಕ್ಷವೇಧಿ ಎಷ್ಟು ಮಂಡಿಸಿದರು ಎಂಬುದು ದಾಖಲೆಯಲ್ಲಿರುತ್ತದೆ. ಪ್ರಚಾರದಲ್ಲಿ ಕನ್ನಡದಲ್ಲಿ ನಾಲ್ಕು ಮಾತಾಡಿ, ಮಠಕ್ಕೆ ಬಂದು ಅಡ್ಡಬಿದ್ದು ಹೋಗುವ ಉಮೇದವಾರರಿಗೆ ಗಡಿ ತಾಲೂಕುಗಳಲ್ಲಿ ಬರವಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳ ಖಾಲಿ ಶಿಕ್ಷಕ ಹುದ್ದೆ ಬಗ್ಗೆ ಸದನದಲ್ಲಿ ಒಂದು ಪ್ರಶ್ನೆ ಕೇಳಿದ್ದೀರಾ ಎಂದು ಅಡ್ಡಬಿದ್ದವರನ್ನು ಎಬ್ಬಿಸುವ ಮೊದಲು ಯಾರಾದರೂ ಕೇಳಬಹುದಿತ್ತು.

ಅವಧಿ ಪ್ರಕಾರ ಮುಂದಿನ ವಿಧಾನಸಭಾ ಚುನಾವಣೆ 2029ಕ್ಕೆ. ಅಷ್ಟರಲ್ಲಿ ಕುಂಭಾರಿಯ ವಸಾಹತುಗಳು ಒಂದು ಸಣ್ಣ ಶಹರದಷ್ಟೇ ಆಗಿರುತ್ತವೆ. ಅಷ್ಟು ಕುಟುಂಬಗಳಿಗೆ ನೀರು, ಬಸ್ಸು, ಶಾಲೆ, ದವಾಖಾನೆ ಬೇಕು. ಶಹರಕ್ಕೆ ಹೋಗಿ ಕೆಲಸ ಮಾಡಿ ಬರುವ ಹೆಂಗಸಿಗೆ ಬಸ್ ಚಾರ್ಜು ಕೂಲಿಯಲ್ಲೇ ಕಳೆಯುತ್ತದೆ. ಅವರ ಹೊಸ ಆಮದಾರನಿಗೆ ಆ ಮನೆಗಳ ಹಿಂದಿನ ಮೋರ್ಚಾಗಳ ಹಂಗಿಲ್ಲ, ಅವರಿಗೂ ಅವನ ಹಂಗಿಲ್ಲ. ಹೆಸರು ಇನ್ನೂ ಹಳೇ ವಾರ್ಡಿನಲ್ಲೇ ಇದ್ದರೆ ಕುಂಭಾರಿಯ ನೀರಿನ ಮಾತಿಗೆ ಅಲ್ಲಿ ಯಾರೂ ಕಿವಿ ಕೊಡುವುದಿಲ್ಲ. ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಮತದಾರರ ಪಟ್ಟಿ ತೆಗೆದು, ತಮ್ಮ ಹೆಸರು ಯಾವ ಕ್ಷೇತ್ರದಲ್ಲಿದೆ ಎಂದು ನೋಡುವುದು.